ಊಟದ ಮೇಜಿನ ಹೊಂಬಣ್ಣ

ಆ ದಿನ ಕ್ಲಿನಿಕ್ಕಿಗೆ ಬಂದದ್ದು ಸುಳ್ಳು ರೋಗ. ಎದುರು ಸಾಲಿನ ದರ್ಜಿ ಅದನ್ನು ಹೊತ್ತುಕೊಂಡು ರಸ್ತೆ ದಾಟಿದ. ಮೈಗೆ ಕಂಬಳಿ ಸುತ್ತಿಕೊಂಡು, ಕಣ್ಣು ಅರೆ ಮುಚ್ಚಿ, ನಿಂತು ನಿಂತು ಕೆಮ್ಮುತ್ತ ಬರುತ್ತಿದ್ದ ಅವನನ್ನು ಕಂಡು ಬೀದಿಯಲ್ಲಿ ಮಲಗಿದ್ದ ನಾಯಿ ಎದ್ದು ದಾರಿ ಬಿಟ್ಟಿತು.

“ಅಣ್ಣಾ, ಇನ್ನೂ ಗೇಟೇ ದಾಟಿಲ್ಲ, ಈಗ್ಲೇ ಸತ್ತೋಗ್ಬೇಡಿ!” ಔಷಧಿ ಕೊಡುವ ಕಿಟಕಿಯಿಂದ ಕಾಂಪೌಂಡರ್ ಕೂಗಿದ.

“ಸುಮ್ನಿರಪ್ಪಾ, ಪಾತ್ರದೊಳಗೆ ಇಳೀತಾ ಇದೀನಿ,” ಎಂದ ದರ್ಜಿ, ಕೆಮ್ಮಿನ ನಡುವೆಯೇ.

ಮುಂದೆಂದಾದರೂ ಊರಿಗೂರನ್ನೇ ಮಲಗಿಸುವಂಥ ಹೊಸ ಸಾಂಕ್ರಾಮಿಕ ಬಂದರೆ ಈ ಪುಟ್ಟ ಕ್ಲಿನಿಕ್ಕು ಬಾಗಿಲು ತೆರೆದಿಟ್ಟುಕೊಂಡು ನಿಲ್ಲಬಲ್ಲದೇ ಎಂದು ನೋಡುವ ತಾಲೀಮು ಅದು. ಮಳೆಗಾಲ ಮುಗಿದಾಗಿನಿಂದ ಅದಕ್ಕೆ ತಯಾರಿ ನಡೆದಿತ್ತು. ಜ್ವರ, ಕೆಮ್ಮಿನವರು ಒಳಗಿನವರ ಜೊತೆ ಬೆರೆಯದಂತೆ ಹೊರಗೆ ತಗಡಿನ ಚಾವಣಿಯ ಕೆಳಗೆ ಬೇರೆ ಬೆಂಚು ಬಿದ್ದಿತ್ತು. ಅವರಿಗೇ ಅಂತ ಪಕ್ಕದ ಗೋಡೆಯಲ್ಲಿ ಹೊಸ ಬಾಗಿಲು ಒಡೆದಿದ್ದರು. ನೆಲದ ಮೇಲೆ ಬಾಣಗಳನ್ನು ಬಳಿದಿದ್ದರು. ಉಗ್ರಾಣದಲ್ಲಿ ಮಾಸ್ಕಿನ ಪೆಟ್ಟಿಗೆಗಳು ಸೂರು ಮುಟ್ಟಿದ್ದವು. ಮೂಲೆಯಲ್ಲಿ ಆಮ್ಲಜನಕದ ಸಿಲಿಂಡರುಗಳು ಮದುವೆಗೆ ಬಂದ ಗಂಡಸರ ಹಾಗೆ ಏನೂ ಮಾಡದೆ ಸಾಲಾಗಿ ನಿಂತಿದ್ದವು. ಮೈಮುಚ್ಚುವ ಗೌನುಗಳನ್ನು ಹೊಲಿದವನು ಈ ದರ್ಜಿಯೇ. ಆ ಸಲುಗೆಯಿಂದಲೇ ರೋಗಿಯ ಪಾತ್ರವನ್ನು ಕೇಳಿ ಪಡೆದಿದ್ದ.

ಚಾವಣಿಯ ಕೆಳಗೆ ಅವನನ್ನು ತಡೆದವಳು ದೊಡ್ಡಕ್ಕ. ಕ್ಲಿನಿಕ್ಕಿನ ಹಿರಿಯ ನರ್ಸು. ನಡೆದರೆ ನೆಲಕ್ಕೆ ಗೊತ್ತಾಗುವಂಥ ಹೆಂಗಸು. ಗೌನು, ಗ್ಲೌಸು, ಮಾಸ್ಕು ಎಲ್ಲ ತೊಟ್ಟು ಕೋಟೆಬಾಗಿಲಿನಂತೆ ನಿಂತಿದ್ದಳು.

“ಅಲ್ಲೇ ನಿಲ್ಲಿ. ಏನ್ ತೊಂದ್ರೆ?”

“ಜ್ವರ, ತಾಯೀ. ಮೈಯೆಲ್ಲ ಕೆಂಡ. ಹೆಂಡ್ತಿ ಮನೆಯಿಂದ ಆಚೆ ಹಾಕಿದ್ಲು.”

“ಅದು ಜ್ವರಕ್ಕೆ ಹಾಕಿರಲ್ಲ ಬಿಡಿ. ಕೂತ್ಕೊಳ್ಳಿ ಆ ಬೆಂಚಿನ ಮೇಲೆ.”

ಇದನ್ನೆಲ್ಲ ಒಳಗಿನಿಂದ, ಲಸಿಕೆಯ ಫ್ರಿಜ್ಜಿನ ಪಕ್ಕದ ಕಿಟಕಿಯಲ್ಲಿ ನಿಂತು ನೋಡುತ್ತಿದ್ದವಳು ಮರಿ ಸಿಸ್ಟರ್. ಕೆಲಸಕ್ಕೆ ಸೇರಿದವರಲ್ಲಿ ಕಡೆಯವಳೆಂದು ಕಾಂಪೌಂಡರ್ ಇಟ್ಟ ಹೆಸರು. ಈಗ ಅವಳ ಸ್ವಂತ ಹೆಸರು ಅವಳಿಗೇ ಬೇರೆ ಯಾರದೋ ಅನ್ನಿಸುತ್ತಿತ್ತು. ಫ್ರಿಜ್ಜಿನ ಗುಂಯ್‌ ಸದ್ದು ಅವಳಿಗೆ ಬಲು ಇಷ್ಟ. ಅದರ ಪಕ್ಕ ನಿಂತರೆ ತಾನು ಮಾತಾಡಬೇಕಾಗಿಲ್ಲ, ತನ್ನ ಪರವಾಗಿ ಅದೇ ಏನೋ ಹೇಳಿಕೊಳ್ಳುತ್ತಿದೆ ಎಂಬಂಥ ನೆಮ್ಮದಿ. ಕೋಣೆಗೆ ಬಂದವರು ಎಷ್ಟೋ ಹೊತ್ತಿನ ಮೇಲೆ ತಿರುಗಿ, “ಅಯ್ಯೋ, ನೀನಿಲ್ಲೇ ಇದ್ಯಾ?” ಅನ್ನುತ್ತಿದ್ದರು. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ. ಕಿಟಕಿಯ ಗಾಜಿಗೆ ಯಾರಾದರೂ ಬೇಸರಪಡುತ್ತಾರೆಯೇ? ಬೆಳಕು ತನ್ನ ಮೂಲಕ ಹಾದುಹೋದರೆ ಅದಕ್ಕೆ ಅಷ್ಟೇ ಸಾಕು.

ಬಹುಶಃ ಅದಕ್ಕೇ ಇರಬೇಕು, ಬೆಳಿಗ್ಗೆ ಬಂದ ತರಬೇತಿಯ ಮೇಡಂ ಎಲ್ಲರನ್ನೂ ಒಮ್ಮೆ ನೋಡಿ, ನೋಡುವ ಕೆಲಸವನ್ನು ಇವಳಿಗೇ ಒಪ್ಪಿಸಿದ್ದು. ಮೇಡಂ ಚೀಲದಿಂದ ಒಂದು ನೇರಳೆ ದೀಪವನ್ನೂ ಎರಡು ಡಬ್ಬಿಗಳನ್ನೂ ತೆಗೆದಿದ್ದರು. ಎರಡರಲ್ಲೂ ಹಿಟ್ಟಿನಂಥ ನುಣ್ಣನೆಯ ಪುಡಿ.

“ಇದು ನೀಲಿ. ರೋಗಿ ಆಗೋರ ಕೈಗೆ, ಮಾಸ್ಕಿಗೆ ಹಚ್ಚಿ. ಬರೀ ಕಣ್ಣಿಗೆ ಕಾಣಲ್ಲ. ಕತ್ತಲೆ ಮಾಡಿ ಈ ದೀಪ ಬಿಟ್ರೆ, ರೋಗ ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ ಹೊಳೆಯುತ್ತೆ. ಹೊಟ್ಟೆಗೆ ಹೋದ್ರೂ ಏನೂ ಆಗಲ್ಲ.”

“ಇದು?” ಎಂದು ಮರಿ ಸಿಸ್ಟರ್ ಇನ್ನೊಂದನ್ನು ಬೆರಳಿನಿಂದ ತೋರಿಸಿದ್ದಳು.

“ಇದು ಹೊಂಬಣ್ಣ. ನಿಮ್ಮಲ್ಲೇ ಒಬ್ರು, ಸ್ವಲ್ಪ ಗಂಟಲು ಕೆರೆತ ಇದ್ರೂ ಕೆಲಸಕ್ಕೆ ಬಂದಿದ್ದಾರೆ ಅನ್ಕೊಳ್ಳಿ. ಅವರ ಬೆರಳಿಗೆ ಹಚ್ಚೋದು. ಯಾರು ಅಂತ ಬೇರೆಯವ್ರಿಗೆ ಗೊತ್ತಾಗಬಾರದು. ಕಡ್ಡಾಯ ಏನಿಲ್ಲ, ಬೇಕಿದ್ರೆ ಮಾಡಿ. ತುಂಬಾ ಕಡೆ ಮಾಡಲ್ಲ.” ಮೇಡಂ ಚೀಲದ ಜಿಪ್ಪು ಎಳೆದರು. “ಒಂದ್ ಮಾತು. ಪುಡಿ ತೋರಿಸೋದು ಕೈ ಹೋದ ದಾರೀನ ಮಾತ್ರ. ಉಸಿರು ಅದಕ್ಕಿಂತ ಮುಂಚೆನೇ ಹೋಗಿರುತ್ತೆ. ನಾನು ಪಕ್ಕದ ಊರಿನ ಕ್ಲಿನಿಕ್ ಮುಗಿಸ್ಕೊಂಡು ಸಂಜೆ ಬರ್ತೀನಿ. ಎಲ್ಲೆಲ್ಲಿ ಹೊಳೀತು ಅಂತ ಹೇಳಿ, ಆಯ್ತಾ?”

ಮೇಡಂ ಹೋದ ಮೇಲೆ ಮರಿ ಸಿಸ್ಟರ್ ಹೊಂಬಣ್ಣದ ಡಬ್ಬಿ ಹಿಡಿದು ಯೋಚಿಸಿದಳು. ಡಾಕ್ಟರಿಗೆ ಹಚ್ಚೋಣವೇ? ಅವರು ಕನ್ನಡಕ, ಪೆನ್ನು, ಕೊಡೆ ಎಲ್ಲವನ್ನೂ ಎಲ್ಲೆಂದರಲ್ಲಿ ಬಿಟ್ಟು ದಿನಪೂರ್ತಿ ಹುಡುಕುವವರು. ಕಾಂಪೌಂಡರಿಗೆ? ಅವನು ಮಾತಾಡಿದರೆ ಎದುರಿನವರ ತೋಳು ಹಿಡಿದೇ ಮಾತಾಡುವವನು. ದೊಡ್ಡಕ್ಕನಂತೂ ಬೇಡವೇ ಬೇಡ. ಯಾರಿಗೆ ಹಚ್ಚಿದರೂ ಅವರ ಮೇಲೆ ಚಾಡಿ ಹೇಳಿದಂತೆ. ಕಡೆಗೆ ಅವಳು ತನ್ನದೇ ಬೆರಳುಗಳಿಗೆ ಹಚ್ಚಿಕೊಂಡಳು. ಗಾಜಿನಂಥ ತನ್ನಿಂದ ಪುಡಿ ಎಲ್ಲಿಗೆ ತಾನೇ ಹೋದೀತು? ಫ್ರಿಜ್ಜಿನ ಬಾಗಿಲಲ್ಲಿ ಒಂದಿಷ್ಟು, ಕಿಟಕಿಯಲ್ಲಿ ಒಂದಿಷ್ಟು. ಯಾರಿಗೂ ನೋವಿಲ್ಲ.

ಹೊರಗೆ ತಾಲೀಮು ಚೆನ್ನಾಗಿಯೇ ಸಾಗಿತು. ಡಾಕ್ಟರು ಹೊಸ ಬಾಗಿಲಿನಿಂದಲೇ ಬಂದು ದರ್ಜಿಯ ಎದೆ ನೋಡಿದರು. ದರ್ಜಿ ಒಮ್ಮೆ ಮೂರ್ಛೆ ಹೋಗಿಯೂ ತೋರಿಸಿದ. ಗೌನು ಕಳಚುವಾಗ ದೊಡ್ಡಕ್ಕ ಒಳಮೈ ಹೊರಗಾಗದಂತೆ ಹಣ್ಣಿನ ಸಿಪ್ಪೆ ಸುಲಿದಷ್ಟು ನಾಜೂಕಾಗಿ ಕಳಚಿ ಬುಟ್ಟಿಗೆ ಹಾಕಿದಳು. ದರ್ಜಿಯ ಕೈಯನ್ನು ಉಜ್ಜಿ ಉಜ್ಜಿ ತೊಳೆಸಿ, “ಈಗ ನೀವು ಗುಣ ಆದ್ರಿ. ನಡೀರಿ ಊಟಕ್ಕೆ,” ಎಂದಳು.

ಊಟದ ಕೋಣೆ ಕ್ಲಿನಿಕ್ಕಿನ ಹಿಂಭಾಗದಲ್ಲಿತ್ತು. ಚಿಕ್ಕದು, ಒಂದೇ ಕಿಟಕಿ, ಅದೂ ಹಳೆಯ ಬಣ್ಣ ಕಟ್ಟಿಕೊಂಡು ತೆರೆಯದ್ದು. ನಡುವೆ ಒಂದು ಮೇಜು, ಸುತ್ತ ಒಂದಕ್ಕೊಂದು ತಾಗಿದ ಕುರ್ಚಿಗಳು. ಆ ಮೇಜಿಗೆ ತನ್ನದೇ ಪದ್ಧತಿಯೊಂದಿತ್ತು. ಯಾರೂ ತಮ್ಮ ಡಬ್ಬಿಯನ್ನು ತಾವು ತಿನ್ನುವಂತಿಲ್ಲ. ಎಲ್ಲ ಡಬ್ಬಿಗಳ ಮುಚ್ಚಳ ತೆಗೆದು ನಡುವೆ ಇಡಬೇಕು. ದೊಡ್ಡಕ್ಕ ಎಲ್ಲದರಿಂದ ಎಲ್ಲರಿಗೂ ಬಡಿಸುತ್ತಾಳೆ. ಆ ದಿನ ಬೆಳಿಗ್ಗೆ ಯಾರಿಗೆ ಕಷ್ಟವಾಗಿತ್ತೋ, ರೋಗಿಯಿಂದ ಬೈಸಿಕೊಂಡಿದ್ದರೋ, ಮನೆಯಲ್ಲಿ ಜಗಳವಾಡಿ ಬಂದಿದ್ದರೋ, ಅವರಿಗೆ ಮೊದಲ ತುತ್ತನ್ನು ಅವಳೇ ಕಲಸಿ ಬಾಯಿಗಿಡುತ್ತಾಳೆ. ಹೇಳಬೇಕಾಗಿರಲಿಲ್ಲ. ಯಾರ ಸರದಿ ಎಂದು ಅವಳಿಗೆ ಮುಖ ನೋಡಿದರೆ ಗೊತ್ತು. ಡಾಕ್ಟರೂ ಒಂದೆರಡು ಸಲ ಮಗುವಿನಂತೆ ಬಾಯಿ ತೆರೆದದ್ದುಂಟು.

ಮರಿ ಸಿಸ್ಟರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಮಗುವಿನ ನರ ಸಿಗದೆ ಚುಚ್ಚಿ ಚುಚ್ಚಿ ಸೋತು ಬಂದು ಕೂತಿದ್ದಾಗ, ಆ ತುತ್ತು ಅವಳ ಬಾಯಿಗೂ ಬಂದಿತ್ತು. ನುಂಗಲಾರದೆ ಎಷ್ಟೋ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಅಂದಿನಿಂದ ಅವಳ ದಿನವೆಂದರೆ ಊಟದ ಹೊತ್ತಿನತ್ತ ಇಳಿಯುವ ಇಳಿಜಾರು, ಅಲ್ಲಿಂದ ಮನೆಯತ್ತ ಇನ್ನೊಂದು ಇಳಿಜಾರು.

ಆ ಮಧ್ಯಾಹ್ನ ಅವಳು ಎಂದಿನಂತೆ ಕೈಗೆ ನೀರು ಸೋಕಿಸಿ ಡಬ್ಬಿಗಳನ್ನು ತೆಗೆದಿಟ್ಟಳು, ಲೋಟಗಳಿಗೆ ನೀರು ತುಂಬಿದಳು, ಡಾಕ್ಟರು ಔಷಧಿಕಿಟಕಿಯಲ್ಲಿ ಬಿಟ್ಟಿದ್ದ ಕನ್ನಡಕ ತಂದುಕೊಟ್ಟಳು. ಕಾಂಪೌಂಡರ್ ಅವಳ ಡಬ್ಬಿಯಿಂದ ಹುರಿದ ಬದನೆಕಾಯಿ ಎತ್ತಿಕೊಂಡು, “ನಿಮ್ಮಮ್ಮನ ಕೈಗೆ ಒಂದ್ ಮೆಡಲ್ ಕೊಡ್ಬೇಕು,” ಎಂದ. ದರ್ಜಿ, “ಸಾಯೋ ಪಾತ್ರ ಮಾಡಿದ್ದು ನಾನು, ಮೊದಲ ತುತ್ತು ನಂಗೆ,” ಎಂದು ಬಾಯಿ ತೆರೆದ. ದೊಡ್ಡಕ್ಕ ನಕ್ಕು ಅವನ ಬಾಯಿಗಿಟ್ಟಳು. ಬಿಸಿಲು ಬಣ್ಣ ಮೆತ್ತಿದ ಗಾಜಿನಿಂದ ಹಾಲಿನಂತೆ ಸೋರಿ ಮೇಜಿನ ಮೇಲೆ ಬಿದ್ದಿತ್ತು. ಎಲ್ಲರ ಮಾತೂ ಅದರಲ್ಲಿ ತೇಲುತ್ತಿತ್ತು.

ಆ ಮೇಜಿನಲ್ಲಿ ಒಂದು ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ. ಅದು ಗಾಜಣ್ಣನದು. ಲ್ಯಾಬಿನಲ್ಲಿ ಗಾಜಿನ ತುಂಡುಗಳ ಮೇಲೆ ರಕ್ತ ಸವರಿ ನೋಡುತ್ತಿದ್ದವನು. ಹಿಂದಿನ ಮಹಾಮಾರಿಯಲ್ಲಿ ತೀರಿಕೊಂಡ. ಆಗ ಇಲ್ಲಿದ್ದವರೆಲ್ಲ ಒಟ್ಟಿಗೇ ಮಲಗಿದ್ದರು, ಕ್ಲಿನಿಕ್ಕಿಗೆ ಬೀಗ ಬಿದ್ದಿತ್ತು. ಅದು ಹೇಗಾಯಿತೆಂಬುದಕ್ಕೆ ಇವರಲ್ಲಿ ಒಂದು ಕಥೆಯಿತ್ತು: ಯಾರೋ ರೋಗಿ ಮಾಸ್ಕಿಲ್ಲದೆ ಒಳಗೆ ನುಗ್ಗಿ, ಎಲ್ಲರ ಮುಖದ ಮೇಲೂ ಕೆಮ್ಮಿ ಹೋದ. ಹೊರಗಿನ ಬೆಂಚು, ಹೊಸ ಬಾಗಿಲು, ಬಾಣಗಳು, ಎಲ್ಲವೂ ಆ ಒಬ್ಬ ರೋಗಿಯನ್ನು ತಡೆಯಲು ಕಟ್ಟಿದವು.

ಬೀಗ ಬಿದ್ದಿದ್ದ ದಿನಗಳಲ್ಲಿ ಮರಿ ಸಿಸ್ಟರ್ ಇನ್ನೂ ಓದುತ್ತಿದ್ದಳು. ಉಸಿರು ಎಳೆಯಲಾರದ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಈ ಬಾಗಿಲಿಗೇ ಬಂದಿದ್ದಳು. ಬೀಗವನ್ನು ಅಲ್ಲಾಡಿಸಿ ನೋಡಿದ್ದು, ಅದು ಬಿಸಿಲಿಗೆ ಕಾದು ಕೈ ಸುಟ್ಟದ್ದು, ಅಮ್ಮ ಆಟೋದೊಳಗಿಂದ, “ಬಿಡು, ಮನೇಗೆ ಹೋಗೋಣ,” ಎಂದದ್ದು ಈಗಲೂ ಕನಸಿನಲ್ಲಿ ಬರುತ್ತಿತ್ತು. ಪೇಟೆಯ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಅಮ್ಮ ಉಳಿದಳು, ಆದರೆ ಎದೆಯೊಳಗೆ ಒಂದು ಸಣ್ಣ ಶಿಳ್ಳೆಯೂ ಉಳಿಯಿತು. ಮನೆಯ ಮೆಟ್ಟಿಲನ್ನು ಅವಳು ನಡುನಡುವೆ ಕೂತು ಹತ್ತುತ್ತಾಳೆ. ಈ ಬಾಗಿಲು ಇನ್ನೊಮ್ಮೆ ಮುಚ್ಚಬಾರದು ಎಂದೇ ಮರಿ ಸಿಸ್ಟರ್ ಈ ಕೆಲಸವನ್ನು ಕೇಳಿಕೊಂಡು ಬಂದದ್ದು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ದೂರಿದಂತಾಗುತ್ತದಲ್ಲ.

ಊಟವಾಯಿತು. ದರ್ಜಿ ತೇಗುತ್ತ ಅಂಗಡಿಗೆ ಹೋದ. ಡಾಕ್ಟರು ತಮ್ಮ ಕೋಣೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿದರು. ಕಾಂಪೌಂಡರ್ ಮಾತ್ರೆಗಳನ್ನು ಎಣಿಸುತ್ತ ಹಾಡಿಕೊಳ್ಳುತ್ತಿದ್ದ. ಮರಿ ಸಿಸ್ಟರ್ ಒಂದೊಂದೇ ಕೋಣೆಯ ಪರದೆ ಎಳೆದು, ದೀಪ ಹಿಡಿದು ಹೊರಟಳು.

ನೀಲಿ ಅಂಕೆಯಲ್ಲಿತ್ತು. ಹೊದಿಕೆಯ ಮರೆ ಮಾಡಿ ನೋಡಿದರೆ, ಹೊರಗಿನ ಬೆಂಚಿನ ಮೇಲೆ ದರ್ಜಿಯ ಅಂಗೈಗಳು ಎರಡು ಹೂವುಗಳಂತೆ ಅರಳಿದ್ದವು. ಹೊಸ ಬಾಗಿಲಿನ ಹೊರಗಿನ ಹಿಡಿಕೆಯಲ್ಲಿ ಒಂದು ಗೀರು. ಬುಟ್ಟಿಯೊಳಗೆ ಕಳಚಿ ಹಾಕಿದ ಗೌನು ಬೆಳದಿಂಗಳಲ್ಲಿ ನೆನೆದಂತೆ ಹೊಳೆಯುತ್ತಿತ್ತು. ಅಷ್ಟೇ. ಒಳಗೆ ನೀಲಿಯ ಒಂದು ಚುಕ್ಕೆಯೂ ಬಂದಿರಲಿಲ್ಲ. ಅವಳಿಗೆ ಕುಣಿಯಬೇಕೆನ್ನಿಸಿತು.

ಊಟದ ಕೋಣೆಯನ್ನು ನೋಡಲೇಬೇಕೆಂದೇನೂ ಇರಲಿಲ್ಲ. ಆದರೂ ಬಾಗಿಲು ಮುಚ್ಚಿ, ಕಿಟಕಿಗೆ ಹೊದಿಕೆ ಕಟ್ಟಿ, ದೀಪದ ಗುಂಡಿ ಒತ್ತಿದಳು.

ಮೊದಲಿಗೆ ಅವಳಿಗೆ ತಾನು ಬೇರೆ ಎಲ್ಲಿಗೋ ಬಂದೆ ಅನ್ನಿಸಿತು. ಕತ್ತಲೆಯಲ್ಲಿ ಮೇಜು ತೇಲುತ್ತಿತ್ತು. ಅದರ ಮೇಲೆಲ್ಲ ಹೊಂಬಣ್ಣದ ಬೆರಳುಗಳು: ಡಬ್ಬಿಗಳ ಅಂಚಿಗೆ, ಲೋಟಗಳ ಹೊಟ್ಟೆಗೆ, ಚಮಚಗಳ ಹಿಡಿಗೆ, ಕುರ್ಚಿಗಳ ಬೆನ್ನಿಗೆ. ಗಾಜಣ್ಣನ ಖಾಲಿ ಕುರ್ಚಿಯ ತೋಳಿನ ಮೇಲೂ, ಯಾರೋ ಹಾದುಹೋಗುವಾಗ ಸವರಿದಂಥ ಒಂದು ಗೆರೆ. ಗೋಡೆಯ ಸ್ವಿಚ್ಚು ಸಣ್ಣ ಹಣತೆಯಂತೆ ಬೆಳಗುತ್ತಿತ್ತು. ನೆಲದ ಮೇಲೆ ಕಾಳುಕಾಳಾಗಿ ಹೊನ್ನು ಚೆಲ್ಲಿ ಬಾಗಿಲಿನತ್ತ ಹೋಗಿತ್ತು, ಅಲ್ಲಿಂದ ಹೊರಗೆ, ಬಹುಶಃ ರಸ್ತೆ ದಾಟಿ ದರ್ಜಿಯ ಮನೆಗೂ. ಅಲ್ಲಿ ಅವನ ಪುಟ್ಟ ಮೊಮ್ಮಗಳು ತೊಡೆಯೇರಲು ಕಾದಿರುತ್ತಾಳೆ.

ಯಾರನ್ನೂ ಸೋಕದ ಗಾಜು ಎಂದುಕೊಂಡಿದ್ದವಳು ಈ ಮನೆಯ ತುಂಬ ಇದ್ದಳು. ಅಷ್ಟು ಚೆಂದದ್ದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಸ್ವಲ್ಪ ಹೊತ್ತು ಅದು ಏನೆಂಬುದನ್ನೇ ಮರೆತು, ಜಾತ್ರೆಯಲ್ಲಿ ಕಳೆದುಹೋದ ಮಗು ದೀಪಗಳನ್ನು ನೋಡುವಂತೆ ನೋಡಿದಳು.

ಆಮೇಲೆ ನೆನಪಾಯಿತು. ಇದು ರೋಗ. ಮಾಸ್ಕಿಲ್ಲದೆ ನುಗ್ಗಿದ ರೋಗಿ ಯಾರೂ ಇರಬೇಕಾಗಿಯೇ ಇರಲಿಲ್ಲ. ತೆರೆಯದ ಈ ಕಿಟಕಿ, ತಾಗಿಕೊಂಡ ಈ ಕುರ್ಚಿಗಳು, ಆ ತುತ್ತು, ಇಷ್ಟೇ ಸಾಕಾಗಿತ್ತು.

ತಟ್ಟೆಗಳ ಪಕ್ಕದಲ್ಲೇ ಒದ್ದೆ ಬಟ್ಟೆಯಿತ್ತು. ಅವಳು ಅದನ್ನು ಕೈಗೆತ್ತಿಕೊಂಡಳು. ಕಡ್ಡಾಯ ಏನಿಲ್ಲ ಎಂದು ಮೇಡಂ ತಾವೇ ಹೇಳಿದ್ದಾರೆ. ಒರೆಸಿಬಿಟ್ಟರೆ ಸಂಜೆಗೆ ನೀಲಿಯನ್ನಷ್ಟೇ ತೋರಿಸಬಹುದು. ಕ್ಲಿನಿಕ್ಕಿಗೆ ಶಹಬ್ಬಾಸ್‌ಗಿರಿ, ದೊಡ್ಡಕ್ಕನಿಗೆ ಹೆಮ್ಮೆ. ಹೇಳಿದರೋ? ಗಾಜಣ್ಣ ಕಡೆಯ ಸಲ ಬಂದ ದಿನ ತಲೆನೋವೆಂದು ಮಂಕಾಗಿ ಕೂತಿದ್ದ, ಮೊದಲ ತುತ್ತನ್ನು ದೊಡ್ಡಕ್ಕ ಅವನಿಗೇ ಕೊಟ್ಟಿದ್ದಳು. ಅದನ್ನು ಅವಳು ಎಷ್ಟು ಸಲ, ಎಷ್ಟು ಪ್ರೀತಿಯಿಂದ ಹೇಳಿಕೊಂಡಿದ್ದಳು. “ಹೋಗೋ ಮುಂಚೆ ನನ್ನ ಕೈಯಿಂದ ತಿಂದ ಕಣೇ.” ಆ ಮಾತಿನ ಮೇಲೆ ಈ ದೀಪ ಹಿಡಿಯುವುದೆಂದರೆ?

ಮೇಜಿನ ಒಂದು ಮೂಲೆಯನ್ನು ಒರೆಸಿದಳು. ಹೊನ್ನು ಆರಿತು. ಆರಿದ ಜಾಗದಲ್ಲಿ ಅವಳಿಗೆ ಕಂಡದ್ದು ಬಿಸಿಲಿಗೆ ಕಾದ ಬೀಗ. ಕೈ ಮುಂದೆ ಹೋಗಲಿಲ್ಲ.

ಬಾಗಿಲು ಕಿರ್ರೆಂದಿತು. “ಯಾರದು ಕತ್ಲೇಲಿ? ಅಯ್ಯೋ, ನೀನಾ? ಏನೇ ಮಾಡ್ತಿದೀಯ ಮರಿ?” ದೊಡ್ಡಕ್ಕ ಒಳಗೆ ಬಂದು ಬಾಗಿಲು ಮುಚ್ಚಿದಳು. ನೇರಳೆ ಬೆಳಕು ಅವಳ ಮೇಲೂ ಬಿತ್ತು. ಬಲಗೈಯ ಐದು ಬೆರಳೂ ಹೊಂಬಣ್ಣದಲ್ಲಿ ಅದ್ದಿ ತೆಗೆದಂತಿದ್ದವು. ತುಟಿಯಂಚಿನಲ್ಲೂ ಒಂದು ಚುಕ್ಕೆ.

“ಇದೇನೇ ಇದು?”

ಮರಿ ಸಿಸ್ಟರ್ ಆ ಗುಂಯ್‌ ಸದ್ದಿಗಾಗಿ ಕಿವಿಗೊಟ್ಟಳು. ಫ್ರಿಜ್ಜು ದೂರದ ಕೋಣೆಯಲ್ಲಿತ್ತು. ಅವಳ ಪರವಾಗಿ ಮಾತಾಡಲು ಯಾರೂ ಇರಲಿಲ್ಲ.

“ಇದು... ನನ್ನಿಂದ ಬಂದಿದ್ದು, ದೊಡ್ಡಕ್ಕ.” ಅವಳು ತನ್ನ ಬೆರಳುಗಳನ್ನು ದೀಪಕ್ಕೆ ಹಿಡಿದಳು. “ಮೇಡಂ ಎರಡು ಪುಡಿ ಕೊಟ್ಟಿದ್ರು. ಇನ್ನೊಂದು, ನಮ್ಮಲ್ಲೇ ಯಾರಿಗಾದ್ರೂ ಹುಷಾರಿಲ್ದೇ ಬಂದಿದ್ರೆ ಅಂತ. ನಾನು ಹಚ್ಕೊಂಡೆ.”

“ನಿಂಗ್ಯಾಕೆ? ಆ ಬಾಯಿಬಡುಕ ಕಾಂಪೌಂಡರಿಗೆ ಹಚ್ಚೋದಲ್ವಾ?”

“ನನ್ನನ್ನ ಯಾರೂ ಮುಟ್ಟಲ್ಲ ಅನ್ಕೊಂಡಿದ್ದೆ.”

ದೊಡ್ಡಕ್ಕ ಮೇಜಿನತ್ತ ಬಾಗಿದಳು. ಒಂದು ಡಬ್ಬಿಯನ್ನು ಎತ್ತಿ ನೋಡಿದಳು, ಇಟ್ಟಳು. ಕುರ್ಚಿಗಳನ್ನು ಒಂದೊಂದಾಗಿ ನೋಡುತ್ತ ಬಂದು ಗಾಜಣ್ಣನ ಕುರ್ಚಿಯ ಹತ್ತಿರ ನಿಂತಳು. ಅವಳು ಬುದ್ಧಿವಂತೆ. ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

“ಹಾಗಾದ್ರೆ ಆವತ್ತು...” ಎಂದು ತನ್ನ ಕೈಯನ್ನೇ ಬೇರೆಯವರದೆಂಬಂತೆ ದೂರ ಹಿಡಿದಳು. “ನನ್ನಿಂದ ಅವನಿಗಾ? ಅವನಿಂದ ನಮಗಾ?”

“ಅದನ್ನ ಈ ದೀಪ ಹೇಳಲ್ಲ, ದೊಡ್ಡಕ್ಕ. ಯಾರೂ ಹೇಳಕ್ಕಾಗಲ್ಲ. ಇವತ್ತಿಂದು ಮಾತ್ರ ನನ್ನಿಂದ.”

“ಒರೆಸ್ತಾ ಇದ್ಯಲ್ಲ,” ಎಂದಳು ದೊಡ್ಡಕ್ಕ, ಬಟ್ಟೆಯನ್ನು ನೋಡಿ. ದನಿ ಗಡುಸಾಗಿತ್ತು. “ಒರೆಸಿ ಬಿಡ್ಬೇಕಿತ್ತು. ನಂಗ್ಯಾಕೆ ತೋರಿಸ್ದೆ?”

“ಆಗ ಬೀಗ ಹಾಕಿತ್ತಲ್ಲ... ನಾನು ಬಂದಿದ್ದೆ.” ಪೂರಾ ಹೇಳಿಬಿಡುವವರೆಗೂ ಅವಳು ತಲೆ ಎತ್ತಲಿಲ್ಲ. “ಅಮ್ಮನ್ನ ಕರ್ಕೊಂಡು. ಉಸಿರು ಆಡ್ತಿರ್ಲಿಲ್ಲ. ನಿಮ್ಮೆಲ್ಲರ ಮೇಲೆ ಕೋಪ ಇಲ್ಲ, ನೀವೂ ಮಲಗಿದ್ರಿ, ಗೊತ್ತು. ಆದ್ರೆ ಎಲ್ರೂ ಒಟ್ಟಿಗೇ ಮಲಗಿದ್ರೆ ಬಾಗಿಲು ತೆಗೆಯೋರು ಯಾರು? ಒಬ್ರಾದ್ರೂ ನಿಂತಿರ್ಬೇಕಲ್ವಾ?”

ಅಷ್ಟು ಉದ್ದದ ಮಾತನ್ನು ಅವಳು ಆ ಕ್ಲಿನಿಕ್ಕಿನಲ್ಲಿ ಆಡಿದ್ದಿಲ್ಲ. ದೊಡ್ಡಕ್ಕ ದೀಪವನ್ನು ಅವಳ ಕೈಯಿಂದ ತೆಗೆದುಕೊಂಡು ಆರಿಸಿದಳು. ಕತ್ತಲೆಯಲ್ಲಿ ಅವಳು ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ ಬಾಗಿಲು ತೆರೆದು ಹೊರಟುಹೋದಳು.

ಸಂಜೆ ತರಬೇತಿಯ ಮೇಡಂ ಬಂದಾಗ ಮರಿ ಸಿಸ್ಟರ್ ಬಾಯಿ ತೆರೆಯುವ ಮುಂಚೆಯೇ, “ಮೊದ್ಲು ಇಲ್ಲಿ ಬನ್ನಿ, ಹೊರಗಿಂದು ಆಮೇಲೆ,” ಎಂದು ದೊಡ್ಡಕ್ಕನೇ ಅವರನ್ನು ಊಟದ ಕೋಣೆಗೆ ಕರೆದೊಯ್ದಳು. ಎಲ್ಲರನ್ನೂ ಕರೆದು ಒಳಗೆ ನಿಲ್ಲಿಸಿ, ತಾನೇ ದೀಪದ ಗುಂಡಿ ಒತ್ತಿದಳು. ಡಾಕ್ಟರು ಕನ್ನಡಕ ತೆಗೆದರು. ಅದರ ಎರಡು ಕಡ್ಡಿಗಳೂ ಹೊಳೆದವು. ಕಾಂಪೌಂಡರ್ ಅಂಗಿ ನೋಡಿಕೊಂಡು, “ಅಯ್ಯಯ್ಯೋ, ನಾನೇನು ಹೊನ್ನಿನ ಗಣಿಗೆ ಬಿದ್ದೆನಾ?” ಎಂದ. ಯಾರೂ ನಗಲಿಲ್ಲ.

ಜಗಳ ಶುರುವಾದದ್ದು ದೀಪ ಆರಿದ ಮೇಲೆ.

“ಅಲ್ಲಾ, ರೋಗ ಬಂದಾಗ ನೋಡ್ಕೊಂಡ್ರಾಯ್ತಪ್ಪ. ಇವತ್ತೇ ಏನು ಆತುರ? ಈಗ್ಲಿಂದ್ಲೇ ಮೂಲೆಗೊಬ್ರು ಕೂತು ಊಟಾನ ಮಾತ್ರೆ ತರ ನುಂಗ್ಬೇಕಾ?” ಎಂದ ಕಾಂಪೌಂಡರ್.

“ಬಂದಿದೆ ಅಂತ ಗೊತ್ತಾಗೋಷ್ಟ್ರಲ್ಲಿ ಬಂದು ಬಹಳ ದಿನ ಆಗಿರುತ್ತಯ್ಯ,” ಎಂದರು ಡಾಕ್ಟರು ಮೆಲ್ಲಗೆ. “ಹೋದ ಸಲ ಹಾಗೇ ಆಯ್ತಲ್ಲ.”

“ಇದ್ನೆಲ್ಲ ಕಂಡು ಹಿಡಿದಿದ್ದು ಯಾರು? ನಮ್ ಮರಿ ಸಿಸ್ಟರಾ?” ಕಾಂಪೌಂಡರ್ ಅವಳತ್ತ ತಿರುಗಿದ. ತಮಾಷೆಯೋ ಸಿಟ್ಟೋ ತಿಳಿಯದ ದನಿ. “ಮೂಕಿ ಮೂಕಿ ಅನ್ಕೊಂಡ್ರೆ ಮನೆ ಒಡೆಯೋ ಕೆಲ್ಸ ಮಾಡಿದ್ಯಲ್ಲಮ್ಮ.”

ಅವಳ ಕಿವಿಗಳು ಕೆಂಪಾದವು. ನೆಲದಲ್ಲಿ ಕರಗಿಹೋಗಬಾರದೇ ಅನ್ನಿಸಿತು. ಆಗ ದೊಡ್ಡಕ್ಕ ಅವಳ ಕಡೆ ನೋಡದೆಯೇ ಹೇಳಿದಳು:

“ಅವಳನ್ನ ಅನ್ಬೇಡ. ಆ ಕಿಟಕಿ ಒಡೆಸಿ. ಇನ್ಮೇಲೆ ಊಟ ಹಿಂದಿನ ಅಂಗಳದಲ್ಲಿ, ಎರಡು ಗುಂಪಾಗಿ. ಅವರವರ ಡಬ್ಬಿ ಅವರವರಿಗೆ. ಗಂಟಲು ಕೆರೆದವ್ರು ಮನೇಲಿ. ಯಾರಿಗೂ ತುತ್ತಿಲ್ಲ, ಏನಿಲ್ಲ. ಮುಗೀತು.”

ಮೇಡಂ ಅದನ್ನೇ ಬರೆದುಕೊಂಡರು.

ನಿಯಮ ಮಾಡಿದವಳೇ ನಿಯಮದಿಂದ ಸೊರಗಿದಳು. ಮರುದಿನದಿಂದ ದೊಡ್ಡಕ್ಕ ಮರಿ ಸಿಸ್ಟರ್ ಜೊತೆ ಕೆಲಸದ ಮಾತಿನ ಹೊರತು ಮಾತಾಡಲಿಲ್ಲ. ಹತ್ತಿ ಕೊಡು. ಮುಂದಿನವರನ್ನ ಕರಿ. ಮೊದಲಾದರೆ ನಡುವೆ ಒಂದು ಬೈಗುಳ, ಬೆನ್ನಿಗೊಂದು ಗುದ್ದು ಇರುತ್ತಿತ್ತು. ಈಗ ಮಾತುಗಳು ತೊಳೆದಿಟ್ಟ ಉಪಕರಣಗಳಂತೆ ತಣ್ಣಗೆ ಬಂದು ಬೀಳುತ್ತಿದ್ದವು. ಮರಿ ಸಿಸ್ಟರ್ ಮಧ್ಯಾಹ್ನದ ಇಳಿಜಾರನ್ನು ಕಳೆದುಕೊಂಡಿದ್ದಳು. ದಿನ ಈಗ ಒಂದೇ ಸಮನೆ ಚಪ್ಪಟೆಯಾಗಿತ್ತು. ಸರಿಯಾದದ್ದನ್ನೇ ಮಾಡಿದೆ ಎಂದು ಎಷ್ಟು ಸಲ ಹೇಳಿಕೊಂಡರೂ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ಮನೆಗೆ ಮರಳುವ ಡಬ್ಬಿಯ ಭಾರ ನೋಡಿ ಅಮ್ಮ, “ನನ್ ಅಡುಗೆ ಕೆಟ್ಟಿತಾ?” ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದಳು.

ಹಿಂದಿನ ಅಂಗಳದಲ್ಲಿ ಒಗೆದ ಬಟ್ಟೆ ಒಣಗುವ ತಂತಿಯಿತ್ತು. ಬಿಳಿಯ ಹಾಸುಗಳು ಗಾಳಿಗೆ ಉಬ್ಬಿ ಹಡಗಿನ ಹಾಯಿಗಳಂತೆ ತೂಗುತ್ತಿದ್ದವು. ಆ ಕಡೆಯ ಗೋಡೆಗೆ ದೊಡ್ಡಕ್ಕನ ಕುರ್ಚಿ, ಈ ಕಡೆಯ ನೀರಿನ ತೊಟ್ಟಿಯ ಬಳಿ ಮರಿ ಸಿಸ್ಟರಿನದು. ಎರಡನೆಯ ಗುಂಪಿನವರಾದ ಡಾಕ್ಟರೂ ಕಾಂಪೌಂಡರೂ ಒಳಗೆ ರೋಗಿಗಳನ್ನು ನೋಡುತ್ತಿದ್ದರು. ಹಾಸುಗಳು ಹಾರಿದಾಗ ಇಬ್ಬರೂ ಒಬ್ಬರಿಗೊಬ್ಬರು ಕಾಣುತ್ತಿದ್ದರು, ಇಳಿದಾಗ ಮರೆಯಾಗುತ್ತಿದ್ದರು. ಬೆಳಕು ಬಿಳುಪಾಗಿ, ನಿದ್ದೆಗಣ್ಣಿನಲ್ಲಿ ಕಂಡಂತಿತ್ತು. ಒಂದು ಮಧ್ಯಾಹ್ನ ಮರಿ ಸಿಸ್ಟರ್ ಮುಚ್ಚಳ ತೆಗೆದು, ಒಳಗಿದ್ದದ್ದನ್ನು ನೋಡುತ್ತ ಕೂತಳು.

“ಏನೇ ತಂದಿದೀಯ?”

ಅವಳಿಗೆ ಕನಸೆನ್ನಿಸಿತು. ಹಾಸಿನ ಆಚೆಯಿಂದ ಬಂದ ದನಿ.

“ಬದನೆಕಾಯಿ,” ಎಂದಳು.

“ಹಾಂ? ಇಷ್ಟು ದೂರ ಕೂರಿಸಿ ಪಿಸುಗುಟ್ಟಿದ್ರೆ ಹೇಗೆ? ಕೇಳಿಸ್ಲಿಲ್ಲ.”

“ಬದನೆಕಾಯಿ!”

ತಂತಿಯ ಮೇಲಿದ್ದ ಹಕ್ಕಿಯೊಂದು ಹಾರಿಹೋಯಿತು. ತನ್ನ ದನಿ ಅಷ್ಟು ದೊಡ್ಡದೆಂದು ಅವಳಿಗೂ ಗೊತ್ತಿರಲಿಲ್ಲ.

“ಹೇಗಿದೆ?”

“ಚೆನ್ನಾಗಿದೆ.”

“ಚೆನ್ನಾಗಿದೆ ಅಂದ್ರೆ ನಂಗೇನ್ ತಿಳೀಬೇಕು, ಪೆದ್ದಿ? ನಿಮ್ಮಮ್ಮನ ಬದನೆಕಾಯಿ ತಿಂದು ಎಷ್ಟು ದಿನ ಆಯ್ತು. ಬಾಯಲ್ಲಿ ಇಟ್ಟ ಹಾಗೆ ಹೇಳು.”

ಮರಿ ಸಿಸ್ಟರ್ ಒಂದು ತುತ್ತು ಕಲಸಿದಳು. ಬಾಯಿಗಿಟ್ಟು ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ನುಂಗಿದಳು.

“ಮೊದ್ಲು ಸಿಪ್ಪೆ ಸುಟ್ಟ ವಾಸನೆ ಬರುತ್ತೆ,” ಎಂದು ಕೂಗಿದಳು. “ಕಹಿ ಅಲ್ಲ, ಹೊಗೆ ತರ. ಆಮೇಲೆ ಒಳಗಿಂದು ಕರಗಿ ಹೋಗುತ್ತೆ, ಅಗಿಯೋದೇ ಬೇಡ. ಈಗ ಖಾರ ಹತ್ತುತ್ತಾ ಇದೆ. ನಾಲಿಗೆ ತುದೀಲಿ ಅಲ್ಲ, ಹಿಂದೆ, ಗಂಟಲ ಹತ್ರ.”

ಹಾಸು ಮೇಲೆದ್ದಿತು. ಆ ಕಡೆಯಲ್ಲಿ ದೊಡ್ಡಕ್ಕ ತನ್ನ ಬರೀ ಅನ್ನದ ತುತ್ತನ್ನು ಬಾಯಲ್ಲಿಟ್ಟು, ಕಣ್ಣು ಮುಚ್ಚಿ, ತಲೆದೂಗುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತೋ, ಬಿಸಿಲೋ, ಇಷ್ಟು ದೂರದಿಂದ ತಿಳಿಯುವಂತಿರಲಿಲ್ಲ.

“ಉಪ್ಪು?”

“ಒಂಚೂರು ಕಮ್ಮಿ!”

“ಇರ್ಲಿ. ನಿಮ್ಮಮ್ಮ ಮೆಟ್ಟಿಲು ಹತ್ತೋವಾಗ ಅರ್ಧದಲ್ಲಿ ಕೂರ್ತಾಳಾ?”

“ಹೂಂ. ಕೂತು ಏಳ್ತಾಳೆ.”

“ಭಾನುವಾರ ನೋಡೋಕೆ ಬರ್ತೀನಿ. ಬಾಗ್ಲಲ್ಲೇ ನಿಂತು ಮಾತಾಡ್ಸಿ ಹೋಗ್ತೀನಿ, ಹೆದರ್ಬೇಡ.”

ಕ್ಲಿನಿಕ್ಕಿನ ಚಾವಣಿಯ ಮೇಲಿಂದ ಕಾಣುತ್ತಿದ್ದ ರಸ್ತೆಯಾಚೆಯ ಮಹಡಿಯ ಕಿಟಕಿ ತೆರೆದು ದರ್ಜಿ ತಲೆ ಹೊರಹಾಕಿದ. ಕುತ್ತಿಗೆಯಲ್ಲಿ ಅಳತೆಯ ಪಟ್ಟಿ ನೇತಾಡುತ್ತಿತ್ತು. “ನಮ್ಮನೇಲಿ ಇವತ್ತು ಬರೀ ಗಂಜಿ, ತಾಯಂದಿರಾ. ಸ್ವಲ್ಪ ಈ ಕಡೆ ತಿರುಗಿ ಹೇಳಿ!”

“ನಿಮ್ ಪಾಡಿಗೆ ನೀವು ಹೊಲ್ಕೊಳ್ಳಿ!” ಎಂದು ದೊಡ್ಡಕ್ಕ ಗದರಿದಳು. ಆಮೇಲೆ ಹಾಸು ಇಳಿದು ಅವಳನ್ನು ಮರೆಮಾಡಿತು. ಬಿಳಿಯ ಬಟ್ಟೆಯ ಆಚೆಯಿಂದ ಅವಳ ದನಿ ಮಾತ್ರ ಬಂತು.

“ನಿಲ್ಲಿಸ್ಬೇಡ ಮರಿ. ಇನ್ನೊಂದು ತುತ್ತು ಹೇಳು.”